ನನ್ನನ್ನು ಮೇಲಿನ ಮನೆಯವರು ಕೊಂಡದ್ದು

ಆಗ ನನಗೆ ಅರವತ್ತೊಂದು ವರ್ಷ. ಹತ್ತೊಂಬತ್ತು ವರ್ಷದ ಹಿಂದಿನ ಮಾತು. ವಿಶಾಖಪಟ್ಟಣದಲ್ಲಿ ಆರು ಜನ ಹುಡುಗರಿಗೆ ಅಡಿಗೆ ಮಾಡಿ ಹಾಕುತ್ತಿದ್ದೆ. ಎಲ್ಲರೂ ಕನ್ನಡದವರು, ಔಷಧ ಮಾಡುವ ಒಂದು ಕಂಪನಿಯಲ್ಲಿ ಕೆಲಸ. ಅವರದು ನೆಲಮಟ್ಟದ ಮನೆ. ಅಡಿಗೆಮನೆಯ ಪಕ್ಕ ಸಾಮಾನು ಇಡುವ ಕೋಣೆ ಇತ್ತು, ಅಲ್ಲಿ ನನ್ನ ಹಾಸಿಗೆ. ಬಂದರಿನಲ್ಲಿ ಮೂಟೆ ಹೊರುತ್ತೇನೆಂದು ಗಂಡ ನನ್ನನ್ನು ಗದಗದ ಕಡೆಯಿಂದ ಕರಕೊಂಡು ಬಂದ, ಇಲ್ಲೇ ಸತ್ತ. ನಾನು ತಿರುಗಿ ಹೋಗಲಿಲ್ಲ. ಒಲೆ ಇದ್ದಲ್ಲಿ ಇದ್ದೆ.

ಮಗಳನ್ನು ವಿಜಯವಾಡದ ತೆಲುಗರ ಮನೆಗೆ ಕೊಟ್ಟಿದ್ದೆ. ಭವಾನಿಪುರಂನಲ್ಲಿ ಮನೆ. ಬಂದು ಕೂತು ಉಣ್ಣು ಎಂದು ಸದಾ ಕರೆಯುತ್ತಿದ್ದಳು. ಆ ಕೂತು ಉಣ್ಣುವುದು ಎಂಥದ್ದೆಂದು ನನಗೆ ಗೊತ್ತಿತ್ತು. ಒಂದು ದಸರೆಗೆ ಹೋಗಿದ್ದೆ. ಬೀಗತಿ ಬಹಳ ಮರ್ಯಾದೆಯ ಹೆಂಗಸು. ನಾನು ಬದನೆಕಾಯಿ ಹೆಚ್ಚಲು ಕೂತರೆ ಈಳಿಗೆ ಎಳೆದುಕೊಂಡು, "ಮೀರು ಕೂರ್ಚೋಂಡಿ ವದಿನಗಾರೂ" ಅನ್ನುವಳು, ನೀವು ಸುಮ್ಮನೆ ಕೂತುಕೊಳ್ಳಿ ಅತ್ತಿಗೆಯವರೇ ಎಂದು. ಕಸಬರಿಗೆ ಹಿಡಿದರೆ ಕೂರ್ಚೋಂಡಿ. ನೀರು ತುಂಬಲು ಎದ್ದರೆ ಕೂರ್ಚೋಂಡಿ. ಹಬ್ಬ ಮುಗಿಯುವ ತನಕ ಕೂತೆ. ಹೊರಡುವ ದಿನ ಸೊಂಟವೇ ಏಳಲಿಲ್ಲ, ಅಳಿಯ ಎತ್ತಿ ರೈಲಿಗೆ ಹಾಕಿದ. ಕೈಯಲ್ಲಿ ಸೌಟು ಇರುವವರೆಗೆ ಆ ಮನೆಗೆ ಇರಲು ಹೋಗಬಾರದು ಎಂದು ರೈಲಿನಲ್ಲೇ ತೀರ್ಮಾನ ಮಾಡಿದ್ದೆ. ಸೌಟು ಹೋಯಿತೋ, ಭವಾನಿಪುರಂ ಗಟ್ಟಿ. ಅಷ್ಟೇ ಲೆಕ್ಕ.

ಇನ್ನು ಹುಡುಗರ ಹುಚ್ಚಿನ ಸಂಗತಿ. ಅವರಲ್ಲಿ ಹಿರಿಯವನು ಹುಬ್ಬಳ್ಳಿಯವನು. ಯಾವುದೋ ಯಂತ್ರ ನಡೆಸುವುದು ಕಲಿಯಲೆಂದು ಕಂಪನಿ ಅವನನ್ನು ಜರ್ಮನಿಗೆ ಕಳಿಸಿತ್ತು. ಅವನು ಕಲಿತು ಬಂದದ್ದು ಕಾಲ್ಚೆಂಡು ನೋಡುವುದನ್ನು. ಅಲ್ಲಿ ಹಳದಿ ಅಂಗಿಯ ಒಂದು ಕ್ಲಬ್ಬು ಇದೆಯಂತೆ, ಇವನು ಅದರ ಭಕ್ತನಾಗಿ ಬಂದ. ಉಳಿದ ಐವರಿಗೂ ಅಂಟಿಸಿದ. ವಿಶಾಖಪಟ್ಟಣದ ಸೆಕೆಯಲ್ಲಿ ಕೊರಳಿಗೆ ಉಣ್ಣೆಯ ಹಳದಿ ಮಫ್ಲರು ಸುತ್ತಿಕೊಂಡು ಶನಿವಾರ ಸಂಜೆ ಟಿವಿಯ ಮುಂದೆ ಕೂತು ಬೆವರುತ್ತಿದ್ದರು. ಟಿವಿಯಲ್ಲಿ ಚಿತ್ರವೂ ನೆಟ್ಟಗೆ ಬರುತ್ತಿರಲಿಲ್ಲ. ಕೇಬಲ್ಲು ಮಾಳಿಗೆಯಿಂದ ಮೇಲಿನ ಮನೆಗೆ ಹೋಗಿ, ಅಲ್ಲಿ ಉಳಿದದ್ದು ಕೆಳಗೆ ಇಳಿಯುತ್ತಿತ್ತು. ಚೆಂಡು ಎಲ್ಲಿದೆ ಎಂಬುದರ ಮೇಲೇ ಜಗಳ ಆಡುತ್ತಿದ್ದರು.

ಮೇಲಿನ ಮನೆಯವರೂ ಕನ್ನಡದ ಹುಡುಗರೇ, ಒಂದು ಆಸ್ಪತ್ರೆಯಲ್ಲಿ ಕೆಲಸ. ಅವರಿಗೆ ಜರ್ಮನಿಯೂ ಗೊತ್ತಿಲ್ಲ, ಚೆಂಡೂ ಗೊತ್ತಿಲ್ಲ. ಕೆಳಗಿನವರಿಗೆ ಉರಿಯಲಿ ಎಂದೇ ಕೆಂಪು ಅಂಗಿಯ ಕ್ಲಬ್ಬನ್ನು ಹಿಡಿದುಕೊಂಡರು. ಕೆಂಪಿನವರಿಗೂ ಹಳದಿಯವರಿಗೂ ಅಲ್ಲಿ ಆಗಿಬರುವುದಿಲ್ಲವಂತೆ. ಮೇಲಿನವರ ಮುಂದಾಳು ಮಂಡ್ಯದ ಕಡೆಯ ಹುಡುಗ. ಮುರಿದ ಕೈಕಾಲಿಗೆ ವ್ಯಾಯಾಮ ಮಾಡಿಸುವವನು, ಫಿಸಿಯೋ ಅಂತಿದ್ದರು.

ಆ ಬೇಸಿಗೆಯಲ್ಲಿ ಒಂದು ದಿನ ಹುಬ್ಬಳ್ಳಿಯವನು ತಟ್ಟೆ ದೂರ ಸರಿಸಿ ಗೋಡೆ ನೋಡುತ್ತ ಕೂತ.

"ಉಣ್ಣಾಕ ಏನಾತೋ?" ಅಂದೆ.

"ಹೊಟ್ಟಿ ಹಸಿದಿಲ್ಲಜ್ಜಿ. ಅಂವ ಹೋದ."

"ಯಾರು? ಯಾವಾಗ ತೀರ್ಕೊಂಡ?"

"ಸತ್ತಿದ್ರ ಬೇಸಿತ್ತು. ನಮ್ಮ ಹಳದಿ ಬಿಟ್ಟು ಕೆಂಪಿನವರ ಕಡೆ ಹೋದ. ದ್ರೋಹಿ."

"ಓಡಿ ಹೋದನೇನು?"

"ಇಲ್ಲ, ನಮ್ಮ ಕ್ಲಬ್ಬಿನವರೇ ಮಾರಿದ್ರು."

"ಮಾರಿದವರು ನೀವು. ದ್ರೋಹಿ ಅಂವ ಹೆಂಗಾದ?"

"ನಿನಗ ತಿಳಿಯಂಗಿಲ್ಲ ಬಿಡಜ್ಜಿ. ಇದು ಮನಸಿನ ವಿಷಯ."

"ಮನಸು ಆಮ್ಯಾಲ. ಸಾರು ಆರತೈತಿ, ಉಣ್ಣು."

ಉಣ್ಣಲಿಲ್ಲ. ಮಂಡ್ಯದವನು ಮೆಟ್ಟಿಲ ಮೇಲಿನಿಂದ ಬಗ್ಗಿ ಕೂಗಿದ: "ಏನ್ರಪ್ಪೋ, ಸೂತ್ಕ ಎಷ್ಟು ದಿವ್ಸ? ನಿಮ್ಮತ್ರ ಚೆನ್ನಾಗಿರೋರೆಲ್ಲ ಕೊನೀಗೆ ನಮ್ತಾವಕ್ಕೇ ಬರಾದು. ಮುಂದ್ಲ ಸರದಿ ನಿಮ್ಮಜ್ಜೀದು ಕನ್ರೋ!"

ಚೇಷ್ಟೆಗೆ ಅಂದದ್ದು, ನಿಜವಾಗಿಬಿಟ್ಟಿತು. ಮೇಲಿನವರ ಅಡಿಗೆಯವನು ಊರಿಗೆ ಹೋದವನು ಬರಲೇ ಇಲ್ಲ, ಹೋಟೆಲಿನ ಖಾರ ತಿಂದು ತಿಂದು ಅವರ ಹೊಟ್ಟೆ ಕೆಟ್ಟಿತ್ತು. ಇತ್ತ ನಮ್ಮವರ ಗ್ಯಾಸು ಮುಗಿದು, ಬರೆಸಿದ ಸಿಲಿಂಡರು ಬಾರದೆ, ನಾನು ಸೀಮೆಎಣ್ಣೆ ಸ್ಟೋವಿಗೆ ಗಾಳಿ ಹೊಡೆಯುತ್ತ ಕೂತಿದ್ದೆ. ಮೇಲಿನವರಲ್ಲಿ ಎರಡು ಸಿಲಿಂಡರು. ಇನ್ನೊಂದು ಮಾತೂ ಇತ್ತು. ನಮ್ಮ ಹುಡುಗರಿಗೆ ಕೋಳಿ ತಿನ್ನುವ ಆಸೆ, ನಾನು ಕೋಳಿ ಮುಟ್ಟುವವಳಲ್ಲ. ಭೀಮುನಿಪಟ್ಟಣದ ಒಬ್ಬ ಅಡಿಗೆಯವನನ್ನು ಆಗಲೇ ನೋಡಿಟ್ಟಿದ್ದರು, ಕೋಳಿ ಮೀನು ಎರಡೂ ಬಲ್ಲವನು. ಮೆಟ್ಟಿಲ ನಡುವೆ ನಿಂತು ಎರಡು ಮನೆಯವರೂ ಮಾತಾಡಿಕೊಂಡರು. ಆಮೇಲೆ ಹುಬ್ಬಳ್ಳಿಯವನು ಒಳಗೆ ಬಂದು ತಲೆ ಕೆರೆದುಕೊಂಡ.

"ಅಜ್ಜಿ, ನಿನ್ನ ಮ್ಯಾಲಿನವರಿಗೆ ಕೊಟ್ವಿ."

"ಏನು ತಗೊಂಡ್ರಿ?"

"ಒಂದು ತುಂಬಿದ ಸಿಲಿಂಡರು."

ಸಿಲಿಂಡರನ್ನು ಅಲುಗಾಡಿಸಿ ನೋಡಿದೆ. ತುಂಬಿತ್ತು. ನನಗೆ ಸಿಟ್ಟು ಬರಲಿಲ್ಲ. ಮೇಲಿನ ಅಡಿಗೆಮನೆಗೆ ದೊಡ್ಡ ಕಿಟಕಿ, ಸಮುದ್ರದ ಗಾಳಿ ಬರುತ್ತದಂತೆ. ಕೋಳಿಯ ವಾಸನೆ ಇಲ್ಲ. ಒಲೆ ಒಂದಿದ್ದರೆ ಸೈ, ಯಾರದಾದರೇನು.

ಆದರೆ ಆ ಹುಡುಗರು ಸುಮ್ಮನೆ ಕರಕೊಂಡು ಹೋಗಬೇಕಲ್ಲ? ಎಲ್ಲ ಜರ್ಮನಿಯ ಪದ್ಧತಿಯಂತೆ ಆಗಬೇಕಂತೆ. ಮಂಡ್ಯದವನು ಕೆಳಗಿಳಿದು ಬಂದು ನನ್ನ ಸೀರೆಯ ಮೇಲೆ ಕೆಂಪು ಅಂಗಿ ತೊಡಿಸಿ ಫೋಟೋ ತೆಗೆಸಿದ. ಬೆನ್ನಿಗೆ ನಂಬರು ಬೇರೆ. ಆಮೇಲೆ ಒಂದು ನೇಮ ಹೇಳಿದ. ಕೆಳಗಿನವರು ಯಾವತ್ತಾದರೂ ಮೇಲಕ್ಕೆ ಊಟಕ್ಕೆ ಬಂದು, ನಾನು ಮಾಡಿದ ಹೋಳಿಗೆ ತಿಂದು ಭೇಷ್ ಅಂದರೆ, ನಾನು ಹಲ್ಲು ಕಿರಿಯಬಾರದು. ಹಳೆಯ ಕ್ಲಬ್ಬಿನ ಮೇಲೆ ಗೋಲು ಹೊಡೆದವನು ಕುಣಿಯುವುದಿಲ್ಲವಂತೆ, ಅದು ಅವರಿಗೆ ಕೊಡುವ ಮರ್ಯಾದೆಯಂತೆ.

"ನಾ ಯಾವಾಗ ನಕ್ಕೇನಿ?" ಅಂದೆ.

"ಅದೂ ಸರಿಯೇ ಕನಜ್ಜಿ," ಅಂದ.

ಕೊನೆಯದು ವೈದ್ಯಕೀಯ ಪರೀಕ್ಷೆ. ಕೊಳ್ಳುವ ಮುಂಚೆ ಆಟಗಾರನ ಮೈ ನೋಡುತ್ತಾರಂತೆ. ಇವರು ಹೇಗೂ ಆಸ್ಪತ್ರೆಯವರು, ಸಲಕರಣೆ ಎಲ್ಲ ಇತ್ತು. ಭಾನುವಾರ ಬೆಳಿಗ್ಗೆ ನನ್ನನ್ನು ಕೆಳಗಿನ ಮೆಟ್ಟಿಲ ಮೇಲೆ ಕೂರಿಸಿದರು. ಎರಡು ಮನೆಯ ಹುಡುಗರೂ ಸುತ್ತ ನೆರೆದರು. ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆದರು, ಪರವಾಗಿಲ್ಲ ಅಂದರು. ಬೆರಳು ಚುಚ್ಚಿ ರಕ್ತ ನೋಡಿದರು, ಪರವಾಗಿಲ್ಲ ಅಂದರು. ಒಬ್ಬ ಬಾಯಿ ತೆಗೆ ಅಂದ.

"ಹಲ್ಲು ನೋಡಿ ಕೊಳ್ಳಾಕ ನಾ ಏನು ಎಮ್ಮಿ ಏನೋ?"

ಅವನು ಹಿಂದೆ ಸರಿದ. ಮಂಡ್ಯದವನು ಒಂದು ಕೈಯಲ್ಲಿ ನಾನೇ ಮಾಡಿಕೊಟ್ಟ ಕಾಫಿಯ ಲೋಟ ಹಿಡಿದು, ಇನ್ನೊಂದು ಕೈಯಿಂದ ರಬ್ಬರಿನ ಸುತ್ತಿಗೆಯಲ್ಲಿ ನನ್ನ ಮೊಣಕಾಲಿನ ಕೆಳಗೆ ಟಕ್ ಎಂದು ಹೊಡೆದ. ನಾನೇನೂ ಮಾಡಲಿಲ್ಲ. ಕಾಲು ತಾನೇ ಎದ್ದು ಲೋಟಕ್ಕೆ ಬಡಿಯಿತು. ಕಾಫಿ ಅವನ ಮುಖಕ್ಕೆ, ಲೋಟ ಗೇಟಿನ ಹೊರಗೆ. "ಗೋಲ್!" ಎಂದು ಕೆಳಗಿನವರು ಕುಣಿದರು. ನನ್ನ ಬೆಲೆಯನ್ನು ಎರಡು ಸಿಲಿಂಡರಿಗೆ ಏರಿಸಬೇಕು ಎಂದು ಒಬ್ಬ ಅಂದ.

ಮುಖ ಒರೆಸಿಕೊಂಡು ಮಂಡ್ಯದವನು, "ಈಗ ಒಸಿ ಮೆಟ್ಟ್ಲು ಹತ್ತಜ್ಜಿ, ನೋಡಾನ" ಅಂದ.

ಹತ್ತಿದೆ. ಅಲ್ಲಿಯ ತನಕ ನಾನು ಆ ಮನೆಯ ಮೆಟ್ಟಿಲು ಹತ್ತಿದವಳೇ ಅಲ್ಲ, ಹತ್ತುವ ಕೆಲಸ ಬಿದ್ದಿರಲಿಲ್ಲ. ನಡುವಿನ ತಿರುವಿನ ತನಕ ಹೋಗುವಷ್ಟರಲ್ಲಿ ಎರಡೂ ಮೊಣಕಾಲು ಹುರಿಯುವ ಜೋಳದ ಹಾಗೆ ಸದ್ದು ಮಾಡತೊಡಗಿದವು. ಅಲ್ಲೇ ಕೂತೆ. ಅವನು ಬಂದು ಮೊಣಕಾಲ ಚಿಪ್ಪನ್ನು ಆಚೆ ಈಚೆ ಸರಿಸಿ ನೋಡಿದ. ಆಡುವ ಹುಡುಗನ ಮುಖ ಹೋಗಿ ಆಸ್ಪತ್ರೆಯವನ ಮುಖ ಬಂತು.

"ಮಂಡಿ ಸವೆದೋಗದೆ ಕನಜ್ಜಿ. ದಿವ್ಸಾ ಮೆಟ್ಟ್ಲು ಹತ್ತಿ ಇಳಿದ್ರೆ ವರ್ಷದೊಳ್ಗೆ ಹಾಸ್ಗೆ ಹಿಡೀತೀಯ. ನಾನು ಹತ್ತಿಸಾಕಿಲ್ಲ."

"ಅಂದ್ರ?"

"ಮೆಡಿಕಲ್ ಫೇಲು."

ಶುರುವಾಯಿತು ಜಗಳ. ಮೇಲಿನವರು ಸಿಲಿಂಡರು ವಾಪಸು ಕೊಡಿ ಅಂದರು. ಅದನ್ನು ಆಗಲೇ ಒಲೆಗೆ ಜೋಡಿಸಿಯಾಗಿತ್ತು, ಭೀಮುನಿಪಟ್ಟಣದವನು ಒಳಗೆ ಮೊದಲ ಕೋಳಿ ಬೇಯಿಸುತ್ತಿದ್ದ. ಮಂಡಿ ಸವೆದದ್ದನ್ನು ಮುಚ್ಚಿಟ್ಟು ಮಾರಿದಿರಿ ಎಂದು ಮೇಲಿನವರು. ಮುಟ್ಟಿ ನೋಡಿ ತಾನೆ ಕೊಂಡದ್ದು ಎಂದು ಕೆಳಗಿನವರು. ನಾನು ನಡುವಿನ ತಿರುವಿನಲ್ಲಿ ಕೆಂಪು ಅಂಗಿ ತೊಟ್ಟು ಕೂತಿದ್ದೆ. ಮೇಲಿನವರಿಗೆ ನಾನು ಬೇಡ, ಕೆಳಗಿನ ಒಲೆಯ ಮುಂದೆ ಬೇರೆಯವನು ನಿಂತಿದ್ದಾನೆ. ಯಾರ ಕಡೆಯವಳೂ ಅಲ್ಲ.

ಹುಬ್ಬಳ್ಳಿಯವನು ಇನ್ನೊಂದು ಉಪಕಾರ ಮಾಡಿದ. ನನ್ನನ್ನು ಒಂದು ಮಾತು ಕೇಳದೆ ನನ್ನ ಮಗಳಿಗೆ ಫೋನು ಹಚ್ಚಿ, ಅಜ್ಜಿಯ ಮೊಣಕಾಲು ಹೋಗಿದೆ, ಅಡಿಗೆ ಬಿಡುತ್ತಿದ್ದಾಳೆ ಎಂದು ಹೇಳಿಬಿಟ್ಟ. ಫೋನು ಕೆಳಗಿಟ್ಟು ಸಂತೋಷದಿಂದ ಬಂದ.

"ನಿನ್ನ ಅಳಿಯಾರು ನಾಳಿ ಸಂಜಿ ರೈಲಿಗೆ ಹೊಂಡತಾರಂತಜ್ಜಿ, ನಿನ್ನ ಕರ್ಕೊಂಡು ಹೋಗಾಕ. ಇನ್ನು ಆರಾಮ ಕುಂದ್ರು."

ಕುಂದ್ರು ಎಂದ ಕೂಡಲೇ ಬೀಗತಿಯ ಮುಖ ಕಣ್ಣ ಮುಂದೆ ಬಂತು. ಸೊಂಟದಲ್ಲಿ ಚಳುಕು ಎದ್ದಿತು.

"ಯಾಕ್ರೋ," ಅಂದೆ, ಕೂತಲ್ಲಿಂದಲೇ, ಎರಡೂ ಕಡೆಯವರಿಗೆ ಕೇಳಲಿ ಎಂದು ಜೋರಾಗಿ. "ಮ್ಯಾಲಿನ ಹುಡುಗರ ಮೊಣಕಾಲು ಗಟ್ಟಿ ಅದಾವಲ್ಲ?"

"ಗಟ್ಟಿಯಾಗವೆ. ಯಾಕಜ್ಜಿ?"

"ನೀವ ಕೆಳಗ ಇಳೀರಿ. ಇವರು ಮ್ಯಾಲ ಹೋಗ್ಲಿ. ನಾ ಇದ್ದಲ್ಲೇ ಇರತೀನಿ."

ಒಳಗೆ ಕೋಳಿ ಚುರುಗುಡುವುದು ಕೇಳಿಸುತ್ತಿತ್ತು.

ಮಂಡ್ಯದವನು, "ಇಂಗೆಲ್ಲಾರಾ ಉಂಟಾ? ಆಟಗಾರ ಕ್ಲಬ್ಬಿಗೆ ಬತ್ತಾನೆ. ಕ್ಲಬ್ಬೇ ಆಟಗಾರನ ತಾವಕ್ಕೆ ಹೋಯ್ತದಾ?" ಅಂದ. ಎಲ್ಲರೂ ಹುಬ್ಬಳ್ಳಿಯವನ ಮುಖ ನೋಡಿದರು, ಜರ್ಮನಿ ಕಂಡವನು ಅವನೊಬ್ಬನೇ.

ಅವನು, "ಒಂದು ಊರಾಗ ಎರಡು ಕ್ಲಬ್ಬಿನವರು ಒಂದ ಮೈದಾನದಾಗ ಆಡತಾರ," ಅಂದ. "ಆದ್ರ ಹಿಂಗ ಅದಲಿ ಬದಲಿ ಮಾಡ್ಕೊಂಡದ್ದು ಕೇಳಿಲ್ಲ."

"ಅಲ್ಲಿ ಆಗಿಲ್ಲಂದ್ರ ಇಲ್ಲಿ ಆಗ್ಲಿ," ಅಂದೆ. "ಮ್ಯಾಲ ಟಿವಿ ಛಲೋ ಕಾಣತೈತಲ್ಲ?"

ಆ ಮಾತು ನಾಟಿತು. ಅವನ ಕಣ್ಣು ಮೊದಲು ಮಾಳಿಗೆಯ ಕೇಬಲ್ಲಿನ ಕಡೆ ಹೋಯಿತು, ಆಮೇಲೆ ಉಳಿದ ಐವರ ಕಡೆ. ಒಂದು ಸಿಲಿಂಡರು, ಮೇಲೊಂದು ಇಡೀ ಮನೆ. ಒಬ್ಬ ಅಡಿಗೆಯವಳಿಗೆ ಇಷ್ಟು ಯಾವ ಕ್ಲಬ್ಬಿಗೂ ಸಿಕ್ಕಿರಲಾರದು ಎಂದು ಅವರವರಲ್ಲೇ ಮಾತಾಡಿಕೊಂಡರು. ಮೇಲಿನವರಿಗೆ ಸಾರು ಬೇಕಿತ್ತು, ಅವರು ಬಹಳ ಎಳೆಯಲಿಲ್ಲ.

ಮಧ್ಯಾಹ್ನವೇ ಮಂಚ ಹೊತ್ತರು. ಆ ಮೆಟ್ಟಿಲು ಒಬ್ಬರು ಹೋಗುವಷ್ಟು ಅಗಲ. ಮೇಲಿನ ಮಂಚ ಇಳಿಯುವಾಗಲೇ ಕೆಳಗಿನ ಮಂಚ ಏರಿತು, ತಿರುವಿನಲ್ಲಿ ಎರಡೂ ಸಿಕ್ಕಿಕೊಂಡವು. ನೀವು ಹಿಂದೆ ಸರಿಯಿರಿ ಎಂದು ಇವರು, ನೀವು ಸರಿಯಿರಿ ಎಂದು ಅವರು. ವೈರಿ ಕ್ಲಬ್ಬಿಗೆ ದಾರಿ ಬಿಡುವುದು ಹೇಗೆ? ಮಂಚಗಳು ಅಲ್ಲೇ ನಿಂತವು. ಮನೆಯ ಯಜಮಾನರು, ವಯಸ್ಸಾದ ತೆಲುಗರು, ಸದ್ದಿಗೆ ಬಂದು ನೋಡಿ ನನ್ನನ್ನೇ ಕೇಳಿದರು, "ಇಪ್ಪುಡು ಪೈನ ಎವರಮ್ಮಾ, ಕಿಂದ ಎವರು?" ಈಗ ಮೇಲೆ ಯಾರು, ಕೆಳಗೆ ಯಾರು ಎಂದು. ನಾನು ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. ನೀರಿನ ಮೋಟರು ಯಾರು ಬಂದ್ ಮಾಡುತ್ತಾರೆ ಎಂದಷ್ಟೇ ಕೇಳಿ ಹೋದರು. ಭೀಮುನಿಪಟ್ಟಣದವನು ಬೆಂದ ಕೋಳಿಯ ಪಾತ್ರೆಯನ್ನು ತಲೆಯ ಮೇಲಿಟ್ಟುಕೊಂಡು, ಸಿಕ್ಕಿಬಿದ್ದ ಮಂಚಗಳ ಕೆಳಗೆ ನುಸುಳಿ ಮೇಲಕ್ಕೆ ಹೋದ. ಅವನ ಮೊಣಕಾಲು ಚೆನ್ನಾಗಿದ್ದವು.

ಕೊನೆಗೆ ಮಂಚಗಳ ಕಾಲು ಬಿಚ್ಚಿ ಎಲ್ಲ ಸಾಗಿಸಿ ಮುಗಿದ ಮೇಲೆ ಹುಬ್ಬಳ್ಳಿಯವನು ತನ್ನ ಚೀಲ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತ. ಕಣ್ಣಲ್ಲಿ ನೀರು ತಂದುಕೊಂಡಿದ್ದ.

"ಕೊನೀಗೆ ನೀನೂ ಹೋದೆಲ್ಲಜ್ಜಿ."

"ಎಲ್ಲಿ ಹೋದ್ನೋ? ಚೀಲ ಹಿಡ್ಕೊಂಡು ನಿಂತಾಂವ ನೀನು."

"ಆದ್ರೂ..." ಅಂದು ಮೂಗು ಒರೆಸಿಕೊಂಡು ಮೇಲಕ್ಕೆ ಹತ್ತಿದ. ಅರ್ಧ ತಾಸಿನಲ್ಲಿ ಮೇಲಿನಿಂದ, ಚೆಂಡು ಕಾಣುತ್ತದೆ, ಚೆಂಡು ಕಾಣುತ್ತದೆ ಎಂದು ಕೂಗಾಟ ಕೇಳಿತು.

ನಾನು ಕೋಳಿಯ ವಾಸನೆ ಹೋಗಲೆಂದು ಕಟ್ಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ. ಕೆಂಪಿನವರು ಆ ದಿನ ಸಂಜೆ ಅನ್ನ ಸಾರು ಉಂಡು ತಟ್ಟೆ ನೆಕ್ಕಿದರು. ನಾನು ನಗಲಿಲ್ಲ, ನೇಮ ಅಂತಲ್ಲ.

ಮರುದಿನ ಬೆಳಿಗ್ಗೆ ಎದ್ದವಳೇ ರಸ್ತೆಯ ತುದಿಯ ಅಂಗಡಿಗೆ ಹೋಗಿ, ನಾಣ್ಯದ ಫೋನಿನಿಂದ ಮಗಳಿಗೆ ಫೋನು ಮಾಡಿಸಿದೆ.

"ಅಮ್ಮಾ, ಬಟ್ಟೆ ಸರ್ದುಕೊಂಡ್ಯಾ? ಆಯನ ಇವತ್ತು ಸಂಜೆ ರೈಲು ಹತ್ತತಾರೆ. ಅತ್ತಯ್ಯ ನಿನಗೋಸ್ಕರ ಹೊಸ ಕುರ್ಚಿ ತರಿಸಿದಾರೆ."

"ಅಳಿಯಗ ಬರಬ್ಯಾಡ ಅನ್ನು. ನನಗ ಬ್ಯಾರೆ ಕಡೆ ಕೆಲಸ ಸಿಕ್ಕೈತಿ."

"ಎಲ್ಲಿ?"

"ಇಲ್ಲೇ."

ಅವಳು ಮತ್ತೇನೋ ಕೇಳುತ್ತಿದ್ದಳು, ನಾಣ್ಯ ಮುಗಿಯಿತು. ಮನೆಗೆ ಬಂದು ಇಡ್ಲಿಗೆ ಇಟ್ಟೆ.