ಕಾಟಾ ಕೋಣೆಯ ಫರಹತ

ಮಣ್ಣೂರಿನ ಫರಹತ ಅಫಜಲಪುರದ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ ಸೇರಿದ್ದು ಗುತ್ತಿಗೆದಾರ ಗುರುಪಾದನ ಮೂಲಕ. ಕಬ್ಬಿನ ಟ್ರ್ಯಾಕ್ಟರು ತೂಗುವ ಕಾಟಾದ ಪಕ್ಕ ತಗಡಿನ ಕೋಣೆ, ಒಳಗೊಂದು ಲಿನಕ್ಸ್ ಕಂಪ್ಯೂಟರು, ಅದರ ಮುಂದೆ ಇವಳು. ಕಾರ್ಖಾನೆಯವರು ಇವಳನ್ನು ಗುರುಪಾದನ ಆಳು ಎನ್ನುವರು, ಗುರುಪಾದ ಕಾರ್ಖಾನೆಯ ಆಳು ಎನ್ನುವನು. ರಜೆ ಕೇಳಿದ ದಿನ ಮಾತ್ರ ಇಬ್ಬರೂ ಯಜಮಾನರಾಗುತ್ತಿದ್ದರು.

ತೂಕ ಬರೆದಿಡುವ ಪ್ರೋಗ್ರಾಂ ತೆರೆಯ ಹಿಂದೆ ತಾನೇ ಓಡುತ್ತಿತ್ತು. ಅದು ಹಟ ಹಿಡಿದಾಗ ಸಂಭಾಳಿಸುವುದೇ ಇವಳ ಕೆಲಸ. ಪಾಳಿ ಮುಗಿದು ಯಂತ್ರ ಬಂದ್ ಮಾಡಲು ಹೋದರೆ ಆ ಮಹಾರಾಯ ಜಪ್ಪಯ್ಯ ಅಂದರೂ ನಿಲ್ಲುತ್ತಿರಲಿಲ್ಲ. ಕಾದು ಕಾದು ಯಾರೋ ವೈರು ಕೀಳುವರು, ಕೊನೆಯ ಗಾಡಿಯ ತೂಕ ಮಾಯವಾಗುವುದು, ಬೈಗುಳ ಫರಹತಳಿಗೆ.

"ಇದೊಂದು ಸರಿ ಮಾಡಿ ಕೊಡವಾ, ನಿನ್ನ ನೌಕರಿ ಕಾಯಂ ಮಾಡಸ್ತೇನಿ" ಎಂದರು ಮ್ಯಾನೇಜರ್ ಕಲ್ಯಾಣಕುಮಾರ.

ಕಾಯಂ ಅಂದರೆ ಯಾರಿಗೆ ಬೇಡ? ಊಟದ ಹೊತ್ತಿನಲ್ಲೂ ಅದರ ಮುಂದೆ ಕೂತಳು. ನಿಲ್ಲು ಎಂಬ ಸಂಕೇತ ಮತ್ತೆ ಮತ್ತೆ ಕಳಿಸಿ, ಅದು ಎಲ್ಲಿಗೆ ಹೋಗುತ್ತದೆಂದು ಬೆನ್ನು ಹತ್ತಿದಳು. ಪ್ರೋಗ್ರಾಮನ್ನು ಚಾಲೂ ಮಾಡುತ್ತಿದ್ದುದು ಒಂದು ಚಿಕ್ಕ ಸ್ಕ್ರಿಪ್ಟು, ನಾಲ್ಕಾರು ಸಾಲಿನ ಆಜ್ಞೆಗಳ ಪಟ್ಟಿ. ಸಂಕೇತ ಹೋಗಿ ಮುಟ್ಟುತ್ತಿದ್ದುದು ಆ ಸ್ಕ್ರಿಪ್ಟಿಗೆ. ಅದು ನುಂಗಿ ಸುಮ್ಮನಾಗುತ್ತಿತ್ತು, ದುಡಿಯುವ ಪ್ರೋಗ್ರಾಮಿಗೆ ಸುದ್ದಿಯೇ ಇಲ್ಲ. ಕೇಳದವನ ಮೇಲೆ ಎಲ್ಲರಿಗೂ ಸಿಟ್ಟು, ಹೇಳದವನನ್ನು ಯಾರೂ ಹಿಡಿದಿರಲಿಲ್ಲ! ಸ್ಕ್ರಿಪ್ಟು ತನ್ನ ಜಾಗವನ್ನೇ ಪ್ರೋಗ್ರಾಮಿಗೆ ಬಿಟ್ಟುಕೊಡುವಂತೆ ಅವಳು ಒಂದು ಪದ ಸೇರಿಸಿದಳು. ಅಂದಿನಿಂದ ಸಂಕೇತ ನೇರ ಪ್ರೋಗ್ರಾಮಿಗೇ ಮುಟ್ಟಿ, ಅದು ಒಂದೇ ಮಾತಿಗೆ, ಇದ್ದ ತೂಕವನ್ನೆಲ್ಲ ಬರೆದಿಟ್ಟು ನಿಲ್ಲತೊಡಗಿತು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ತಿಂಗಳು ಕಳೆಯಿತು, ಸಂಬಳ ಬರಲಿಲ್ಲ. ಗುರುಪಾದ ಫೋನು ಎತ್ತಲಿಲ್ಲ. ಫರಹತ ಸೀದಾ ಮ್ಯಾನೇಜರರ ಮುಂದೆ ಹೋಗಿ ನಿಂತಳು.

"ಯಂತ್ರ ಸರಿ ಆದ ಮ್ಯಾಲೆ ಆಳು ಯಾಕ ಬೇಕು? ನಿನ್ನ ಬಿಡಸ್ರಿ ಅಂತ ಗುರುಪಾದಗ ಹೋದ ತಿಂಗಳೇ ಹೇಳೀವಲ್ಲ."

"ನನಗ ಯಾರೂ ಹೇಳಿಲ್ರಿ ಸಾಹೇಬ್ರ. ದಿನಾ ಬಂದು ದುಡದೇನಲ್ರಿ!"

"ನಿನಗ ಬಾ ಅಂದವ್ರು ಯಾರು?"

ಕಾಯಂ ಮಾಡಿಸುತ್ತೇನೆಂದ ಅದೇ ಬಾಯಿ ಇದನ್ನೂ ಆಡಿತ್ತು. ಆತನಿಗೆ ನಾಚಿಕೆಯೂ ಆಗಲಿಲ್ಲ.

"ಹೋಗೂ ಮುಂದ ಬಂದ್ ಮಾಡೋದು ಹೆಂಗಂತ ಸೈದಪ್ಪಗ ತೋರಿಸಿ ಹೋಗು."

ಸೈದಪ್ಪ ಗೇಟಿನ ವಾಚಮನ್. ಫರಹತ ಅವನನ್ನು ಕೋಣೆಗೆ ಕರೆದು, ಒತ್ತಬೇಕಾದ ಗುಂಡಿ ಒತ್ತಿ ತೋರಿಸಿದಳು. ಪ್ರೋಗ್ರಾಂ ಕೊನೆಯ ಗಾಡಿಯ ತೂಕ ಬರೆದಿಟ್ಟು ತೆಪ್ಪಗೆ ನಿಂತಿತು.

"ಅಬಾಬಾ, ಎಷ್ಟ ಶಾಣ್ಯಾ ಆಗೇದ್ರಿ ಇದು!" ಎಂದ ಸೈದಪ್ಪ.

ಫರಹತ ಬುತ್ತಿ ಡಬ್ಬಿ ಎತ್ತಿಕೊಂಡಳು.

"ಅದಕ್ಕ ಮಾತು ಮುಟ್ಟೂ ಹಂಗ ನಾ ಮಾಡೇನಿ ಕಾಕಾ. ನನಗ ಮುಟ್ಟಸಾವ್ರು ಯಾರೂ ಇರಲಿಲ್ಲ."