ಮುನ್ನೂರು ಗಿಡ, ಮುನ್ನೂರು ತೂತು

ಹುಳುಗಳು ಇತಿಹಾಸ ಬರೆದರೆ ಮೊದಲ ಅಧ್ಯಾಯ ನಮ್ಮ ಕಚೇರಿಯಲ್ಲಿ ಚಿತ್ರ ಬರೆಯುವ ಅಕ್ಕನದೇ. ದೇಶದ ಔಷಧಿ ಗಿಡಗಳ ಕೈಪಿಡಿಗೆ ಅವರು ಬರೆದ ಮುನ್ನೂರು ಚಿತ್ರಗಳಲ್ಲೂ ಹುಳು ತಿಂದು ತೂತಾದ ಎಲೆಯೊಂದು ಇದ್ದೇ ಇತ್ತು.

ಹೊಸ ಅಧ್ಯಕ್ಷರು ಕೆಂಡಾಮಂಡಲವಾದರು. “ಈ ತೂತೆಲ್ಲ ಮುಚ್ಚಿ, ಇಲ್ಲಾಂದ್ರೆ ಚಿತ್ರ ತೆಗೆದು ಫೋಟೊ ಹಾಕಿಸ್ತೀನಿ!”

ಅಕ್ಕನ ಹನ್ನೊಂದು ವರ್ಷದ ದುಡಿಮೆ ಗಾಳಿಗೆ ಹಾರುವುದನ್ನು ನೋಡಲಾಗದೆ, ಸಂಪಾದಕನಾದ ನಾನು ಹಸಿ ಸುಳ್ಳೊಂದನ್ನು ಹೊಸೆದೆ. “ಸಾರ್, ವಿಷದ ಗಿಡವನ್ನ ಹುಳು ಮುಟ್ಟಲ್ಲ. ತೂತೇ ಔಷಧಿಯ ಗುರುತು. ಅಕ್ಕ ಬೇಕಂತಲೇ ಬರೀತಾರೆ!”

ಅಧ್ಯಕ್ಷರು ಕರಗಿ ನೀರಾಗಿ ಕೈಮುಗಿದರು. “ಎಂಥ ಜ್ಞಾನ ತಾಯಿ ನಿಮ್ದು!”

ಅಕ್ಕ ತೊಳೆಯುತ್ತಿದ್ದ ಕುಂಚವನ್ನು ನನ್ನತ್ತ ತೋರಿಸಿ, ತಲೆ ಎತ್ತದೆ ಹೇಳಿದರು: “ಜ್ಞಾನ ಎಲ್ಲಿಂದ ಬಂತು ಸಾರ್? ಇವನು ತಂದುಕೊಡೋ ಎಲೆಗಳೇ ಹಾಗಿರ್ತವೆ.”