ಬರಿಮಂಡಿಯ ಸವಾರ

ಮಂಜಿನೊಳಗಿಂದ ಮೊದಲು ಕಂಡದ್ದು ಎರಡು ಬರಿಯ ಮಂಡಿಗಳು. ಚಳಿಗೆ ಕೆಂಪೇರಿದ, ಎಲುಬು ಎದ್ದ ಮುದುಕನ ಮಂಡಿಗಳು. ಆಮೇಲೆ ಬೂದುಬಣ್ಣದ ಕುದುರೆಯ ಕತ್ತು, ಅದರ ಹಿಂದೆ ಹಸಿರು-ನೀಲಿ ಚೌಕುಳಿಯ ನೆರಿಗೆಬಟ್ಟೆ, ಎಲ್ಲಕ್ಕೂ ಮೇಲೆ ಸವಾರರ ಹೆಲ್ಮೆಟ್ಟು. ಸ್ಕಾಟ್ಲೆಂಡಿನ ಗಂಡಸರು ಉಡುವ ಕಿಲ್ಟನ್ನು ಚಿತ್ರಗಳಲ್ಲಿ ನೋಡಿದ್ದೆ. ಅದನ್ನು ಉಟ್ಟು ಕುದುರೆ ಹತ್ತಿದವನನ್ನು ನೋಡಿರಲಿಲ್ಲ.

ಪೊಲೀಸ್ ಇಲಾಖೆಯ ಕುದುರೆ ದಳದಲ್ಲಿ ಸವಾರಿ ಕಲಿಸಿ ನಿವೃತ್ತನಾದವನು ನಾನು. ಜರ್ಮನಿಯ ಉಂಟರ್‌ಫ್ಯೋರಿಂಗ್ ಊರಿನಲ್ಲಿರುವ ಮಗಳ ಮನೆಗೆ ಬಂದರೂ ಬೆಳಗಿನ ನಡಿಗೆ, ಸ್ನಾನ, ತಿಂಡಿ ಎಲ್ಲವೂ ಮೈಸೂರಿನ ಹೊತ್ತಿಗೇ ನಡೆಯುತ್ತಿದ್ದವು. ಅಂದು ಹೊಲದ ದಾರಿಯಲ್ಲಿ ಪಕ್ಕಕ್ಕೆ ಸರಿದು ನಿಂತಾಗ ಬಾಯಿಂದ ಕನ್ನಡವೇ ಬಂತು: "ಅಯ್ಯೋ, ತೊಡೆ ಜೀನಿಗೆ ಉಜ್ಜಿ ಸುಲಿದುಹೋಗತ್ತಲ್ಲಪ್ಪ!"

ಕುದುರೆ ನಿಂತಿತು. ಮೇಲಿನಿಂದ ಅಚ್ಚ ಧಾರವಾಡದ ಉತ್ತರ ಇಳಿಯಿತು. "ಸುಲಿಯೂದಿಲ್ಲ ಬಿಡ್ರಿ. ನನ್ನ ಚರ್ಮ ಜೀನಿನಕಿಂತ ದಪ್ಪ ಆಗೇತಿ. ಯಾವೂರಿನವ್ರು ತಾವು?"

ಹೊಸಮನಿಯವರು ನನಗೆ ಸಿಕ್ಕಿದ್ದು ಹೀಗೆ. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವರು. ಕಾರಿನ ಬ್ರೇಕ್ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. "ಮಂದೀನ ನಿಲ್ಸೂದ ನನ್ನ ಉದ್ಯೋಗ ಆಗಿತ್ರಿ ಸಾಹೇಬ್ರ. ಈಗ ನಾ ಯಾರ ಮಾತಿಗೂ ನಿಲ್ಲಂಗಿಲ್ಲ" ಎನ್ನುತ್ತಿದ್ದರು. ನಾನು ಪೊಲೀಸಿನವನೆಂದು ತಿಳಿದ ಗಳಿಗೆಯಿಂದ ಅವರಿಗೆ ನಾನು ಸಾಹೇಬ್ರೇ.

ಕಿಲ್ಟಿನ ಕಥೆಯನ್ನು ಲಾಯದ ಬೆಂಚಿನ ಮೇಲೆ ಕುಳಿತು, ಜರ್ಮನ್ ರೈ ಬ್ರೆಡ್ಡಿಗೆ ಶೇಂಗಾ ಚಟ್ನಿ ಹಚ್ಚುತ್ತ ಹೇಳಿದ್ದರು. ಅವರ ಹೆಂಡತಿ ಮೋರಾಗ್ ಸ್ಕಾಟ್ಲೆಂಡಿನವರು. ಮದುವೆಯಲ್ಲಿ ಮದುಮಗ ಕಿಲ್ಟು ಉಡಬೇಕೆಂದು ಹುಡುಗಿಯ ಮನೆಯವರ ಹಟ. ಮದುಮಗ ಕುದುರೆಯ ಮೇಲೆ ಬರಬೇಕೆಂದು ಧಾರವಾಡದಿಂದ ಬಂದಿದ್ದ ಇವರ ಅಪ್ಪನ ಹಟ. "ಬಟ್ಟಿ ಅವರ್ದು, ಕುದರಿ ನಮ್ದು. ಎರಡೂ ಕಡಿ ಮರ್ಯಾದಿ ಉಳೀತು. ನಂದು ಮಾತ್ರ ಉಳೀಲಿಲ್ಲ, ಗಾಳಿ ಭಾಳ ಇತ್ತು!" ಎಂದು ನಕ್ಕರು. ಆಮೇಲೆ ಸವಾರಿ ಕಲಿಸಿದವರೂ ಮೋರಾಗ್ ಅವರೇ. ಈ ಬೂದು ಹೆಣ್ಣುಕುದುರೆ ಫ್ರೀಡಾ ಅವರದ್ದು. ಅವರು ತೀರಿಕೊಂಡ ಮೇಲೆ ಹೊಸಮನಿ ಕುದುರೆಯನ್ನು ಮಾರಲಿಲ್ಲ, ಪ್ಯಾಂಟು ಹಾಕಿ ಅದನ್ನು ಹತ್ತಲೂ ಇಲ್ಲ.

ಕಿಲ್ಟಿನ ಕೆಳಗೆ ಏನು ಹಾಕುತ್ತೀರಿ ಎಂದು ಒಮ್ಮೆ ಕೇಳಿಬಿಟ್ಟೆ. ಸವಾರಿ ಕಲಿಸಿದವನು ಕೇಳಲೇಬೇಕಾದ ಪ್ರಶ್ನೆ ಅದು. ಅವರು ಗಂಭೀರವಾಗಿ ಕೆಳಗೆ ನೋಡಿ, "ಕೆಳಗ ಕುದರಿ ಐತಲ್ರಿ" ಎಂದರು.

ನನಗೆ ಆ ಬಟ್ಟೆಯ ಬಗ್ಗೆ ಸಮಾಧಾನವಿರಲಿಲ್ಲ. ಸವಾರನ ಮೈಮೇಲೆ ಹಾರಾಡುವಂಥದ್ದು ಏನೂ ಇರಬಾರದು. ಕುದುರೆ ಹೆದರುವುದು ಹುಲಿಗಲ್ಲ, ಪಟಪಟ ಅನ್ನುವ ಬಟ್ಟೆಗೆ. ಇದನ್ನು ನಾನು ಅವರಿಗೆ ದಿನವೂ ಹೇಳುತ್ತಿದ್ದೆ. ಅವರು ದಿನವೂ "ಹೌದೌದು" ಎಂದು ತಲೆಯಾಡಿಸಿ, "ನಡಿಯವ್ವಾ ಫ್ರೀಡಾ" ಎಂದು ಹೊರಟುಬಿಡುತ್ತಿದ್ದರು. ಅವರು ದಾರಿಯ ತಿರುವಿನಲ್ಲಿ ಮರೆಯಾಗಿ ಮತ್ತೆ ಕಾಣುವವರೆಗೆ ನಾನು ಬೇಲಿ ಹಿಡಿದು ನಿಂತಿರುತ್ತಿದ್ದೆ.

ನನ್ನ ಆತಂಕಕ್ಕೆ ಬಲವಾದ ಕಾರಣ ಸಿಕ್ಕಿದ್ದು ಅವರ ಮಗಳು ಗೌರಿಯಿಂದ. ಜರ್ಮನಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಅಪ್ಪನ ಕನ್ನಡವನ್ನೇ ಕಲಿತವಳು. ಒಂದು ಸಂಜೆ ಲಾಯದ ಹೊರಗೆ ನನ್ನನ್ನು ತಡೆದು ನಿಲ್ಲಿಸಿದಳು.

"ಅಂಕಲ್, ಅಪ್ಪಗ ಹಾರ್ಟ್ ಪ್ರಾಬ್ಲೆಮ್ ಐತಿ, ಗೊತ್ತಿಲ್ಲೇನು? ಬ್ಲಡ್ ತೆಳು ಮಾಡೋ ಟ್ಯಾಬ್ಲೆಟ್ ತಗೋತಾರ. ಬಿದ್ದು ತಲಿಗೆ ಪೆಟ್ಟಾದ್ರ ಒಳಗಿನ ಬ್ಲೀಡಿಂಗ್ ನಿಲ್ಲಂಗಿಲ್ಲ ಅಂತ ನಮ್ಮ ಮನಿ ಡಾಕ್ಟರ್ ಕ್ಲಿಯರ್ ಆಗಿ ಹೇಳ್ಯಾರ. ನೀವು ಪೊಲೀಸ್ ಇದ್ದೋರು, ನೀವರ ತಡೀರಿ, ಬಿಟ್ಟೆ."

ಬಿಟ್ಟೆ ಎಂದರೆ ಜರ್ಮನ್‌ನಲ್ಲಿ 'ದಯವಿಟ್ಟು' ಎಂದರ್ಥ. ಅವಳ ಕಣ್ಣಲ್ಲಿ ನೀರಿತ್ತು.

ಮರುದಿನ ಹೊಸಮನಿಯವರೊಂದಿಗೆ ನೇರವಾಗಿ ಮಾತಾಡಿದೆ. ಅವರು ಕುದುರೆಯ ಗೊರಸು ಕೆರೆಯುತ್ತಲೇ ಕೇಳಿಸಿಕೊಂಡರು. "ಒಂದ್ಸಲ ಸಾಹೇಬ್ರ. ಈ ಸಲದ ಮೆರವಣಿಗಿ ಒಂದು. ಆಮ್ಯಾಲ ನೀವು ಹೇಳಿದಂಗ."

ಆ ಭಾಗದ ಹಳ್ಳಿಗಳಲ್ಲಿ ನವೆಂಬರ್ ಸುಮಾರಿಗೆ ಕುದುರೆಗಳನ್ನು ಸಿಂಗರಿಸಿ ಚರ್ಚಿನ ಸುತ್ತ ಮೆರವಣಿಗೆ ಮಾಡಿಸುತ್ತಾರೆ. ಪಾದ್ರಿಗಳು ಮಂತ್ರಿಸಿದ ನೀರು ಚಿಮುಕಿಸಿ ಹರಸುತ್ತಾರೆ. "ಇದು ಇವರ ಕಾರಹುಣ್ಣಿವಿ ನೋಡ್ರಿ. ನಾವು ಎತ್ತಿಗೆ ಮಾಡಿದ್ದು ಇವರು ಕುದರಿಗೆ ಮಾಡ್ತಾರ" ಎಂದು ಅವರ ವಿವರಣೆ. ಮೋರಾಗ್ ಬದುಕಿರುವವರೆಗೆ ಇಬ್ಬರೂ ತಪ್ಪದೆ ಹೋಗುತ್ತಿದ್ದರಂತೆ.

ನಾನು ಷರತ್ತು ಹಾಕಿದೆ. ಕುದುರೆ ನಡೆಯಬೇಕು, ಓಡಬಾರದು. ಮೂಗುಪಟ್ಟಿಗೆ ಕಟ್ಟಿದ ಹಗ್ಗ ನನ್ನ ಕೈಯಲ್ಲಿರಬೇಕು. ಹೆಲ್ಮೆಟ್ಟು ಒಂದು ಕ್ಷಣವೂ ತೆಗೆಯಬಾರದು. ಎಲ್ಲಕ್ಕೂ ಒಪ್ಪಿದರು. ಗೌರಿ ಒಪ್ಪಲಿಲ್ಲ. ಆದರೂ ಮೆರವಣಿಗೆಯ ದಿನ ಬಂದು ರಸ್ತೆಯ ಅಂಚಿನಲ್ಲಿ ಕೈಕಟ್ಟಿ ನಿಂತಳು.

ಅಂದು ಗಾಳಿಯಿತ್ತು. ಜೀನಿನ ಹೊಟ್ಟೆಪಟ್ಟಿಯನ್ನು ಬಿಗಿದು, ಅಲ್ಲೇ ಒಂದು ಸುತ್ತು ನಡೆಸಿ, ಮತ್ತೆ ಬಿಗಿದೆ. ಕಾಲಿಡುವ ರಿಕಾಪು ನೋಡಿದೆ. ಕಿಲ್ಟಿನ ಅಂಚನ್ನು ಅವರ ತೊಡೆಯಡಿಗೆ ನಾನೇ ಸಿಕ್ಕಿಸಿದೆ. "ಮದುವಿ ದಿನ ನಮ್ಮವ್ವನೂ ಇಷ್ಟು ಮಾಡಿರಲಿಲ್ರಿ" ಎಂದು ಚುಡಾಯಿಸಿದರು. ಚರ್ಮದ ಚಡ್ಡಿ, ಗರಿಯ ಟೋಪಿ ಹಾಕಿದ್ದ ಹಳ್ಳಿಯ ಸವಾರರು ಇವರನ್ನು ಹೆಸರು ಹಿಡಿದು ಕೂಗಿ ಮಾತಾಡಿಸಿದರು. ಫ್ರೀಡಾ ಶಾಂತವಾಗಿ ನಡೆಯಿತು. ಚರ್ಚು ಹತ್ತಿರವಾದಂತೆ ನನ್ನ ಉಸಿರು ಹಗುರಾಗತೊಡಗಿತು. ಇನ್ನೇನು ಮುಗಿಯಿತು ಅಂದುಕೊಂಡೆ.

ಪಾದ್ರಿಗಳು ನಮ್ಮೆದುರು ಬಂದರು. ನೀರು ಚಿಮುಕಿಸಲು ಕೈ ಎತ್ತಿದರು. ಆಗ ಹೊಸಮನಿ ಲಗಾಮು ಕೆಳಗಿಟ್ಟರು. ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ ಅದನ್ನು ಕಂಕುಳಲ್ಲಿ ಇರುಕಿಕೊಂಡರು. ಬಲ ಅಂಗೈಯನ್ನು ಬಟ್ಟಲು ಮಾಡಿ, ಅದರಡಿಗೆ ಎಡಗೈ ಹಿಡಿದು, ಗುಡಿಯಲ್ಲಿ ತೀರ್ಥಕ್ಕೆ ಬಗ್ಗುವಂತೆ ಬಗ್ಗಿದರು!

ಪಾದ್ರಿಗಳು ಅರೆಗಳಿಗೆ ತಬ್ಬಿಬ್ಬಾದರು. ಆಮೇಲೆ ಒಳ್ಳೆಯ ಮನುಷ್ಯ, ಚಾಚಿದ ಅಂಗೈಗೇ ನಾಲ್ಕು ಹನಿ ಚಿಮುಕಿಸಿದರು. ಹೊಸಮನಿ ಅದನ್ನು ಕುಡಿದು ಒದ್ದೆ ಕೈಯನ್ನು ನೆತ್ತಿಗೆ ಸವರಿಕೊಂಡರು. ಬಗ್ಗಿದಾಗ ತೊಡೆಯಡಿಯಿಂದ ಜಾರಿದ್ದ ಕಿಲ್ಟಿಗೆ ಗಾಳಿ ಸಿಕ್ಕಿತು. ನೆರಿಗೆಗಳು ಫ್ರೀಡಾಳ ಪಕ್ಕೆಗೆ ಪಟಪಟನೆ ಬಡಿದವು.

ಕುದುರೆ ಪಕ್ಕಕ್ಕೆ ಜಿಗಿಯಿತು. ಅವರು ನನ್ನ ಕಡೆಗೆ ವಾಲಿದರು. ಏನಾದರೂ ಆಗಲಿ ಕುದುರೆಯ ಹಗ್ಗ ಬಿಡಬಾರದು ಎಂಬುದು ನಾನು ಸಾವಿರ ಬಾರಿ ಕಲಿಸಿದ ಪಾಠ. ಹಗ್ಗ ಬಿಟ್ಟುಬಿಟ್ಟೆ. ಎರಡೂ ತೋಳಿನಿಂದ ಅವರ ತಲೆಯನ್ನು ಎದೆಗೆ ಅವುಚಿಕೊಂಡು ಹಿಂದಕ್ಕೆ ಕುಸಿದೆ.

"ಪಾಪಾ!" ಎಂದು ಗೌರಿ ಓಡಿಬಂದಳು. ನನ್ನ ಬೆನ್ನಿಗೆ ಪೆಟ್ಟಾಗಿತ್ತು. ಅವರ ತಲೆಗೆ ಏನೂ ಆಗಿರಲಿಲ್ಲ. ಎರಡೆರಡು ಬಾರಿ ತಡವಿ ನೋಡಿದೆ. ಕಿಲ್ಟು ಸೊಂಟದವರೆಗೆ ಸರಿದು, ಹುಬ್ಬಳ್ಳಿ ಪೇಟೆಯ ಪಟ್ಟಾಪಟ್ಟಿ ಚಡ್ಡಿ ಊರಿಗೆಲ್ಲ ಕಾಣುತ್ತಿತ್ತು.

"ತಲಿ ಮ್ಯಾಲ ಟೋಪಿ ಇಟ್ಕೊಂಡು ತೀರ್ಥ ಹೆಂಗ ತಗೊಳ್ಳೂದ್ರಿ?" ಎಂದು ನನ್ನ ತೊಡೆಯ ಮೇಲೆ ಮಲಗಿದ್ದಲ್ಲಿಂದಲೇ ಕೇಳಿದರು. ನನಗೆ ನಗು ಬರಲಿಲ್ಲ. ಹಳ್ಳಿಯ ಸವಾರನೊಬ್ಬ ಹಿಡಿದು ತಂದ ಫ್ರೀಡಾಳ ಹಗ್ಗವನ್ನು ಮತ್ತೆ ಕೈಗೆ ಸುತ್ತಿಕೊಂಡೆ.

ಡಿಸೆಂಬರಿನಲ್ಲಿ ನನ್ನ ವೀಸಾ ಮುಗಿಯಿತು. ವಿಮಾನ ನಿಲ್ದಾಣಕ್ಕೆ ಹೋಗುವ ಎಸ್-ಬಾನ್ ರೈಲು ಹತ್ತಿಸಲು ಬಂದ ಹೊಸಮನಿಯವರನ್ನು ಪ್ಲಾಟ್‌ಫಾರ್ಮಿನಲ್ಲೇ ಕೇಳಿದೆ: "ಇನ್ನು ಹತ್ತೋದಿಲ್ಲ ಅಂತ ಮಾತು ಕೊಡಿ."

ರೈಲು ಬಂತು. ಬಾಗಿಲು ತೆರೆದಾಗ ನನ್ನ ಕೈ ಹಿಡಿದು, "ಆತ್ರಿ. ಪಕ್ಕಕ್ಕ ನಡಿತೀನಿ" ಎಂದರು. ಅವರ ಮುಖದಲ್ಲಿ ಹುಡುಗಾಟವಿರಲಿಲ್ಲ.

ಮಾತಿಗೆ ತಪ್ಪಲಿಲ್ಲ. ಆ ಚಳಿಯಲ್ಲೂ ದಿನಾ ಲಗಾಮು ಹಿಡಿದು ಫ್ರೀಡಾಳ ಪಕ್ಕದಲ್ಲಿ ನಡೆದರು. ಫೋನಿನಲ್ಲಿ ನಾನು ಪ್ರತಿ ಸಲ ಕೇಳುತ್ತಿದ್ದೆ, "ಹತ್ತಲಿಲ್ಲ ತಾನೆ?" ಅವರು, "ಇಲ್ಲಪಾ, ಇಲ್ಲ" ಎನ್ನುತ್ತಿದ್ದರು.

ಜನವರಿಯ ಒಂದು ಬೆಳಗ್ಗೆ ಗೌರಿಯ ಫೋನು ಬಂತು. ಅಲ್ಲಿ ಮನೆಯೆದುರಿನ ಕಾಲುದಾರಿಯ ಹಿಮವನ್ನು ಮನೆಯವರೇ ತೆಗೆಯಬೇಕು. ಯಾರಾದರೂ ಜಾರಿಯಾರು ಎಂದು ಹೊಸಮನಿ ಬೇಗ ಎದ್ದು ಅದಕ್ಕೆ ಜಲ್ಲಿ ಚೆಲ್ಲುತ್ತಿದ್ದರಂತೆ. ತಾವೇ ಜಾರಿದರು, ತಲೆಗೆ ಪೆಟ್ಟಾಯಿತು. ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ.

"ನಾವೆಲ್ಲ ಕುದರಿ ಮ್ಯಾಲೇ ಕಣ್ಣಿಟ್ಟಿದ್ವಿ ಅಂಕಲ್" ಎಂದಳು. ಅವರ ಕೊನೆಯ ಚಳಿಗಾಲದ ಸವಾರಿಗಳನ್ನು ಅವರಿಂದ ನಾನೇ ಬೇಡಿ ಕಿತ್ತುಕೊಂಡಿದ್ದೆ.

ಆಮೇಲೆ ಅವಳು, ಅಪ್ಪನಿಗೆ ಏನು ಉಡಿಸಲಿ ಎಂದು ಕೇಳಿದಳು. ಮೋರಾಗ್ ಅವರ ಪಕ್ಕದಲ್ಲೇ ಮಣ್ಣು ಮಾಡುವುದೆಂದು ನಿಶ್ಚಯವಾಗಿತ್ತು. ಧಾರವಾಡದ ಕಾಕಾ ಹೊಸ ಧೋತರ ಉಡಿಸು ಎಂದಿದ್ದಾರಂತೆ. ಅಲ್ಲಿನವರು ಸೂಟು ಕೊಡಿ ಎನ್ನುತ್ತಿದ್ದಾರಂತೆ. "ನನಗ ಏನೂ ತಿಳೀವಲ್ದು. ನೀವರ ಹೇಳ್ರಿ."

"ಕಿಲ್ಟೇ ಉಡಿಸಮ್ಮ."

"ಕಾಕಾ ಬೈತಾರ."

"ಬೈದರೆ ನನ್ನ ನಂಬರ್ ಕೊಡು" ಎಂದೆ.